ರೊಟ್ಟಿಯ ಸಹಿ

ರೊಟ್ಟಿಗೆ ಉಪ್ಪು ಬಿದ್ದಿತ್ತು.

ಫಕೀರವ್ವ ಆ ತುಂಡನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ನಾಲಿಗೆಯ ಮೇಲೆ ಹಾಗೇ ಇಟ್ಟುಕೊಂಡು ಎದುರಿಗೆ ಕೂತಿದ್ದ ಕಾಶವ್ವನ ಮುಖ ನೋಡಿದಳು. ಬೆಟಗೇರಿಯ ಈ ರೊಟ್ಟಿ ಕೇಂದ್ರದಲ್ಲಿ ಇಬ್ಬರೂ ಹತ್ತೊಂಬತ್ತು ವರ್ಷದಿಂದ ಎದುರುಬದುರು ಕೂತು ಜೋಳದ ರೊಟ್ಟಿ ಬಡಿಯುತ್ತ ಬಂದವರು. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೇಕು, ಕೈ ಬೇಕು, ಹಂಚು ಬೇಕು. ಉಪ್ಪು ಬೇಡ. ಅದು ಪಲ್ಯದ ಪಾಲು, ಚಟ್ನಿಯ ಪಾಲು. ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ಇದನ್ನು ಕೈ ಮೇಲೆ ಹೊಡೆದು ಕಲಿಸಿದವಳೇ ಕಾಶವ್ವ.

"ಕಾಶಕ್ಕಾ, ಹಿಟ್ಟಿಗೆ ಏನರ ಹಾಕಿದಿ ಏನ?"

"ಹಿಟ್ಟಿಗೆ ಏನ್ ಹಾಕ್ತಾರ? ನೀರು ಹಾಕ್ತಾರ," ಎಂದು ಕಾಶವ್ವ ಸಿಡುಕಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಯಾರದೋ ಸಾಮಾನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು.

ಉಪ್ಪಿನದೊಂದೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಸಂಕ್ರಾಂತಿಯಿಂದಲೂ ಅವಳ ಕಿವಿಗೆ ಇನ್ನೊಂದು ಸಂಗತಿ ಬಿದ್ದಿತ್ತು. ರೊಟ್ಟಿ ಬಡಿಯುವ ಸಪ್ಪಳ ಒಬ್ಬೊಬ್ಬಳದು ಒಂದೊಂದು ಥರ. ಬೆನ್ನು ತಿರುಗಿಸಿ ಕೂತರೂ ಇದು ಯಾರ ಕೈ ಎಂದು ಹೇಳಬಹುದು. ಕಾಶವ್ವನದು ಗಡಿಯಾರದಂಥ ಕೈ. ಆ ಕೈ ಈಗ ನಡುವೆ ಒಂದೊಂದು ಏಟು ತಪ್ಪುತ್ತಿತ್ತು. ಥಪ, ಥಪ, ಥಪ, ಆಮೇಲೆ ಏನೂ ಇಲ್ಲ, ಮತ್ತೆ ಥಪ. ಕಣ್ಣು ಮಿಟುಕಿಸುವಷ್ಟು ಹೊತ್ತು ಕೈ ತೂಕಡಿಸಿ ಎಚ್ಚೆತ್ತ ಹಾಗೆ. ಏಟು ತಪ್ಪಿದಲ್ಲಿ ರೊಟ್ಟಿಯ ಅಂಚು ದಪ್ಪವಾಗುತ್ತಿತ್ತು, ಇಲ್ಲವೇ ಹರಿಯುತ್ತಿತ್ತು.

ರೊಟ್ಟಿ ಮಾಡುವ ಯಂತ್ರಗಳು ಬರಲಿಲ್ಲವೆಂದಲ್ಲ. ಬಂದವು, ಹತ್ತು ವರ್ಷ ಮೆರೆದವು. ಕೊನೆಗೆ ತಿನ್ನುವವರಿಗೇ ಬೇಸರ ಬಂದು ಕೈರೊಟ್ಟಿಗೆ ಮತ್ತೆ ರಾಜಮರ್ಯಾದೆ ಸಿಕ್ಕಿತು. ಸರ್ಕಾರವೂ ಅದಕ್ಕೊಂದು ಕಾನೂನು ಮಾಡಿತು: ಒಣಗಿಸಿಟ್ಟ ಖಡಕ್ ರೊಟ್ಟಿಯ ಪ್ರತಿ ಪಾಕೀಟಿನ ಮೇಲೆ ಬಡಿದವಳ ಹೆಸರು, ತಾರೀಖು ಅಚ್ಚಾಗಿರಬೇಕು. ವಾರಕ್ಕೊಮ್ಮೆ ಪ್ರತಿಯೊಬ್ಬಳ ಒಂದು ಪಾಕೀಟು ನಮೂನೆಯೆಂದು ಕಬ್ಬಿಣದ ಕಪಾಟು ಸೇರಿ ವರ್ಷವಿಡೀ ಅಲ್ಲೇ ಇರಬೇಕು. ಒಬ್ಬಳ ಪಾಕೀಟಿನಲ್ಲಿ ಹರಕು ರೊಟ್ಟಿ ಮತ್ತೆ ಮತ್ತೆ ಕಂಡರೆ ಮೇಲ್ವಿಚಾರಕಿ ಶಾರದಾಬಾಯಿ ಅವಳನ್ನು ರೊಟ್ಟಿ ಬಡಿಯುವ ಹಲಗೆಯಿಂದ ಎಬ್ಬಿಸಿ ಕಸ ಹೊಡೆಯಲು ಕಳಿಸುತ್ತಿದ್ದಳು.

ಕಾಶಕ್ಕ ಕಸ ಹೊಡೆಯುವುದೇ? ಫಕೀರವ್ವ ಯಾರನ್ನೂ ಕೇಳಲಿಲ್ಲ. ಮೂರು ತಿಂಗಳಿಂದ ಸಂಜೆ ಪಾಕೀಟು ತುಂಬುವಾಗ ತನ್ನ ರೊಟ್ಟಿಗಳನ್ನು ಕಾಶವ್ವನ ಹೆಸರಿನ ಪಾಕೀಟಿಗೂ, ಕಾಶವ್ವನವನ್ನು ತನ್ನ ಹೆಸರಿನ ಪಾಕೀಟಿಗೂ ಸದ್ದಿಲ್ಲದೆ ತುಂಬುತ್ತ ಬಂದಿದ್ದಳು. ಶಾರದಾಬಾಯಿ ಬೈದರೆ ತನ್ನನ್ನು ಬೈಯಲಿ, ತನಗೇನು ಬೈಗುಳ ಹೊಸದೇ? ಈ ದಿನವೂ ಉಪ್ಪಿನ ರೊಟ್ಟಿಗಳೆಲ್ಲ ಫಕೀರವ್ವನ ಪಾಕೀಟು ಸೇರಿದವು.

*

ಕಾಶವ್ವನ ಗಂಡ ವಿರೂಪಾಕ್ಷಪ್ಪ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಮರುದಿನ ಕಾಶವ್ವ ಕೆಲಸಕ್ಕೆ ಬರಲಿಲ್ಲವೆಂದು ಫಕೀರವ್ವ ಅವರ ಮನೆಗೆ ಹೋದಾಗ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಔಷಧದ ಬಾಟಲಿ ಹಿಡಿದು ಕೂತಿದ್ದ.

"ಹಗಲೆಲ್ಲ ಮಲಗ್ತಾಳ, ರಾತ್ರಿ ಎದ್ದು ಕೂಡ್ತಾಳ. ಇವತ್ತ ಮುಂಜಾನೆ ನನ್ನ ನೋಡಿ, 'ಕಂಡಕ್ಟರ್, ಗದಗ ಬಂದ್ರ ಹೇಳ್ರೀ, ನಾ ಇಳೀಬೇಕು' ಅಂದ್ಲು. ನಲವತ್ತು ವರ್ಷ ಸಂಸಾರ ಮಾಡಿ ಕಡೀಗೆ ನನ್ನ ಮತ್ತ ಕಂಡಕ್ಟರ್ ಮಾಡಿದಳು ನೋಡು."

ನಗಿಸಲಿಕ್ಕೆಂದೇ ಹೇಳಿದ್ದ. ನಗು ಇಬ್ಬರಿಗೂ ಬರಲಿಲ್ಲ.

ಕಾಶವ್ವನ ಯಕೃತ್ತು ಗಟ್ಟಿಯಾಗಿ ಹೋಗಿದೆಯೆಂದು ಎರಡು ವರ್ಷದ ಹಿಂದೆಯೇ ಗೊತ್ತಾಗಿತ್ತು. ಸಕ್ಕರೆ ಕಾಯಿಲೆಯಿಂದ ಮೊದಲು ಕೊಬ್ಬು ಕಟ್ಟಿಕೊಂಡಿತು, ಆಮೇಲೆ ಕಲೆಗಟ್ಟಿತು. ಯಾವ ಆಸ್ಪತ್ರೆಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಕುಡೀತೀರೇನು?" ಹಬ್ಬದ ಪಾನಕವನ್ನೂ ಸೋಸಿ ಕುಡಿಯುವ ಹೆಂಗಸು ಕಾಶವ್ವ. ಮೂರನೆಯ ಸಲ ಕೇಳಿದ ಡಾಕ್ಟರಿಗೆ, "ಕುಡೀತೀನ್ರಿ, ನೀವು ಕೊಡಸ್ತೀರೇನು?" ಎಂದು ಕೇಳಿ ಎದ್ದು ಬಂದಿದ್ದಳು.

ಯಕೃತ್ತಿನ ಕೆಲಸವೆಂದರೆ ಮನೆಯ ಹಿತ್ತಿಲಲ್ಲಿ ನಿಂತ ಹೆಣ್ಣುಮಗಳ ಕೆಲಸ. ಇರುವತನಕ ಯಾರಿಗೂ ಕಾಣುವುದಿಲ್ಲ. ಉಂಡ ಬೇಳೆಕಾಳು ಕರಗಿದಾಗ ಕರುಳಿನಲ್ಲಿ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಯಕೃತ್ತು ಅದನ್ನು ಸೋಸಿ ಮೂತ್ರಕ್ಕೆ ಕಳಿಸಬೇಕು. ಅದು ಕೈಚೆಲ್ಲಿದರೆ ವಿಷ ರಕ್ತದ ಜೊತೆ ಮಿದುಳಿಗೇರುತ್ತದೆ. ಆಗ ನಿದ್ದೆ ಅಡಿಮೇಲಾಗುತ್ತದೆ, ಮಾತು ತಪ್ಪುತ್ತದೆ. ಮುಂದೆ ಚಾಚಿದ ಕೈ ಕ್ಷಣಕ್ಕೊಮ್ಮೆ ಹಿಡಿತ ಕಳೆದುಕೊಂಡು ಜೋಲುತ್ತದೆ. ಹೊರಗಿನವರು ಅರುಳುಮರುಳು ಎನ್ನುತ್ತಾರೆ.

ಇದಕ್ಕೊಂದು ಉಪಾಯ ಆ ಕಾಲಕ್ಕೆ ಬಂದಿತ್ತು. ಹುಬ್ಬಳ್ಳಿಯ ಯಕೃತ್ ಆಸರೆ ಕೇಂದ್ರದಲ್ಲಿ ಮನುಷ್ಯರ ಚರ್ಮದ ಕೋಶಗಳನ್ನು ಪಳಗಿಸಿ ಯಕೃತ್ತಿನ ಕೋಶಗಳನ್ನಾಗಿ ಬೆಳೆಸುತ್ತಿದ್ದರು. ಕೂದಲೆಳೆಯಂಥ ಸಾವಿರಾರು ಕೊಳವೆಗಳ ಸುತ್ತ ಆ ಕೋಶಗಳನ್ನು ಕೂರಿಸಿದ ಪೆಟ್ಟಿಗೆಯೊಳಗೆ ರೋಗಿಯ ರಕ್ತದ ನೀರನ್ನು ಆರು ತಾಸು ಹರಿಸಿದರೆ ವಿಷ ಇಳಿದು, ಸುಸ್ತಾದ ಯಕೃತ್ತಿಗೆ ವಿಶ್ರಾಂತಿ ಸಿಗುತ್ತಿತ್ತು. ಪೆಟ್ಟಿಗೆಗೆ ಉದ್ದನೆಯ ಹೆಸರೊಂದಿತ್ತು. ಜನ ಅದನ್ನು ಗಿರಣಿ ಎಂದೇ ಕರೆದರು. ಆದರೆ ಕೋಶ ಬೆಳೆಸುವುದು ನಿಧಾನದ ಕೆಲಸ. ಆರು ಜಿಲ್ಲೆಗೆ ಹನ್ನೆರಡೇ ಕುರ್ಚಿ. ಯಾರು ಕೂರಬೇಕೆಂದು ಕಂಪ್ಯೂಟರು ಅಂಕ ಹಾಕುತ್ತಿತ್ತು, ಇಪ್ಪತ್ತು ದಾಟಿದವರಿಗೆ ಕುರ್ಚಿ.

"ನಾಳೆ ಹುಬ್ಬಳ್ಳಿಗೆ ಹೋಗೂಣ ಮಾಮಾ," ಎಂದಳು ಫಕೀರವ್ವ. "ನಾನೂ ಬರ್ತೀನಿ."

*

ಕಿಟಕಿಯ ಆಚೆ ಕೂತಿದ್ದ ಸರದಿ ಅಧಿಕಾರಿಯ ಹೆಸರು ಧನ್ಯಕುಮಾರ. ಕೆಟ್ಟವನಲ್ಲ, ನಿಯಮವನ್ನು ದೇವರ ಜಾಗದಲ್ಲಿಟ್ಟು ಪೂಜೆ ಮಾಡುವ ಜಾತಿ.

"ಹದಿಮೂರು," ಎಂದ ಕಾಶವ್ವನ ಪರೀಕ್ಷೆಗಳ ಅಂಕ ನೋಡಿ. "ಕಣ್ಣು ಹಳದಿ ಆಗಿಲ್ಲ, ರಕ್ತ ಹೆಪ್ಪುಗಟ್ಟೂದು ಪರವಾಗಿಲ್ಲ, ಕಿಡ್ನಿ ಛಲೋ ಅದ. ಮುಂದಿನ ತಿಂಗಳು ಬರ್ರಿ."

"ಆಕೀಗೆ ಗಂಡನ ಗುರ್ತ ಸಿಗವಲ್ದು ಸಾಹೇಬ್ರ," ಎಂದಳು ಫಕೀರವ್ವ.

"ಅದಕ್ಕ ಬ್ಯಾರೆ ಕಾಲಂ ಅದರಿ, ಮಿದುಳಿಂದು. ಹತ್ತು ಅಂಕ." ಅವನು ಪರದೆಯನ್ನು ಅವರ ಕಡೆ ತಿರುಗಿಸಿದ. "ಪರೀಕ್ಷೆ ಕೊಟ್ಟಾರ. ಚದುರಿದ ಅಂಕಿ ಒಂದರಿಂದ ಇಪ್ಪತ್ತೈದರ ತನಕ ಗೆರಿ ಎಳದು ಜೋಡಸಬೇಕು. ಇವರಿಗೆ ಓದು ಬರಹ ಇಲ್ಲ. ಹಿಂಗಾಗಿ ಕಂಪ್ಯೂಟರು 'ಪರೀಕ್ಷೆ ಅನ್ವಯಿಸದು' ಅಂತ ಬಿಟ್ಟದ."

"ಬಿಟ್ರ ಎಷ್ಟು ಅಂಕ?"

"ಸೊನ್ನೆ."

ಫಕೀರವ್ವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಿವಿ ಬಿಸಿಯಾದವು. "ಅಂದ್ರ ಅಕ್ಷರ ಬರಲಾರದವರಿಗೆ ಕೆಡಾಕ ಮಿದುಳs ಇರೂದಿಲ್ಲ ಅಂದಂಗಾತು."

"ಹಂಗಲ್ರಿ..."

"ಮತ್ತ ಹೆಂಗ್ರಿ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಈ ಕಂಪ್ಯೂಟರಿನದು ಅದಕ್ಕೂ ತಿರುಗಾಮುರುಗಾ. ಹಳದಿ ಕಾಣದಿದ್ದರೆ ಅದಕ್ಕೆ ಕಾಯಿಲೆಯೇ ಕಾಣದು.

ಗದ್ದಲ ಕೇಳಿ ಒಳಗಿನಿಂದ ಡಾಕ್ಟರ್ ಜುಬೇದಾ ನದಾಫ ಬಂದರು. ಗಿರಣಿ ಕೋಣೆಯ ಹೊಣೆ ಅವರದು. ಐವತ್ತರ ಆಸುಪಾಸು, ಸೆರಗನ್ನು ಬಿಳಿ ಕೋಟಿನೊಳಗೆ ಸಿಕ್ಕಿಸಿಕೊಂಡಿದ್ದರು. ಅವರು ಕಾಶವ್ವನ ಎರಡೂ ಕೈ ಮುಂದೆ ಚಾಚಿಸಿ, ಅಂಗೈ ಮೇಲೆತ್ತಿಸಿ, ನೋಡುತ್ತ ನಿಂತರು. ಕೈಗಳು ಒಮ್ಮೆ ಜೋಲಿದವು. ಮತ್ತೊಮ್ಮೆ ಜೋಲಿದವು.

"ವಿಷ ಮಿದುಳಿಗೆ ಏರೇದ," ಎಂದರು ಫಕೀರವ್ವನನ್ನು ಬದಿಗೆ ಕರೆದು. "ಇದೇ ಹಾದಿಯೊಳಗ ಹ್ವಾದ್ರ ಎಂಟು ದಿನದಾಗ ಎಚ್ಚರ ತಪ್ಪಬಹುದು. ತಪ್ಪಿದ್ರ ತಿರುಗಿ ಬರ್ತದ ಅಂತ ನಾ ಮಾತು ಕೊಡೂದಿಲ್ಲ ಯವ್ವಾ."

"ಮತ್ತ ನೀವs ಬರದುಬಿಡ್ರಿ ಬಾಯಾರ, ಹತ್ತಕ್ಕ ಹತ್ತು."

"ನನ್ನ ಮಾತು ನಡಿಯೂದಿಲ್ಲ. ಮೊದಲ ನಡೀತಿತ್ತು. ಆಗ ಏನಾತು ಗೊತ್ತೇನು? ದೊಡ್ಡವರ ಮಾವ, ದೊಡ್ಡವರ ಷಡ್ಡಕ, ಎಲ್ಲಾರಿಗೂ ಒಮ್ಮಿಂದೊಮ್ಮೆಲೆ ಮಿದುಳು ಕೆಟ್ಟು ಕುರ್ಚಿ ತುಂಬಿ ಹ್ವಾದುವು. ಅದಕ್ಕ ಈಗ ಡಾಕ್ಟರ್ ಅಭಿಪ್ರಾಯ ಬ್ಯಾಡ, ಬರೇ ದಾಖಲೆ." ಅವರು ನಿಟ್ಟುಸಿರು ಬಿಟ್ಟರು. "ಪರೀಕ್ಷೆ ಬಿಟ್ರ ಇನ್ನೊಂದು ದಾರಿ ಅದ. ಸಹಿ. ಈ ರೋಗದಾಗ ಕೈಬರಹ ಕೆಡ್ತದ. ಆರು ತಿಂಗಳಿಂದ ತಾರೀಖು ಸಮೇತ ಇರೋ ಸಹಿ ತಂದ್ರ ಯಂತ್ರ ಹೋಲಿಸಿ ನೋಡಿ ಅಂಕ ಕೊಡ್ತದ. ಇವರದು ಹೆಬ್ಬೆಟ್ಟು ಅಲ್ಲೇನು?"

"ಹೆಬ್ಬೆಟ್ಟುರಿ."

"ಹೆಬ್ಬೆಟ್ಟು ನಡುಗೂದಿಲ್ಲ ಯವ್ವಾ."

ಫಕೀರವ್ವ ಕಿಟಕಿಯ ಮೇಲಿದ್ದ ನಿಯಮದ ಹಾಳೆಯನ್ನು ವಿರೂಪಾಕ್ಷಪ್ಪನ ಕೈಗಿತ್ತು, "ಮಾಮಾ, ಸಹಿದು ಏನ್ ಬರದಾರ, ಒಂದಕ್ಷರ ಬಿಡಲಾರದಂಗ ಓದು," ಎಂದಳು. ಅವನು ಕನ್ನಡಕ ಏರಿಸಿ, ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ ಓದಿದ: "ರೋಗಿಯ ಸ್ವಂತ ಕೈಯಿಂದ ಮೂಡಿದ, ದಿನಾಂಕವುಳ್ಳ, ಪರಸ್ಪರ ಹೋಲಿಸಬಹುದಾದ ಗುರುತುಗಳು, ಕನಿಷ್ಠ ಹನ್ನೆರಡು."

"ಕಾಗದದ ಮ್ಯಾಲೆ ಇರಬೇಕು ಅಂತ ಎಲ್ಲರ ಅದ ಏನ?"

ಅವನು ಹಾಳೆಯನ್ನು ಹಿಂದುಮುಂದು ತಿರುಗಿಸಿದ. ಇರಲಿಲ್ಲ.

*

ಮರುದಿನ ಹನ್ನೊಂದು ಗಂಟೆಗೆ ರೊಟ್ಟಿ ಕೇಂದ್ರದ, ಶಾರದಾಬಾಯಿಯೂ ಸೇರಿ, ಎಂಟು ಹೆಂಗಸರು ಆರು ಬುಟ್ಟಿಗಳೊಂದಿಗೆ ಆಸರೆ ಕೇಂದ್ರದ ಮೆಟ್ಟಿಲು ಹತ್ತಿದರು. ಬುಟ್ಟಿಯಲ್ಲಿ ನಮೂನೆ ಕಪಾಟಿನ ಪಾಕೀಟುಗಳಿದ್ದವು. ಕಪಾಟಿನ ಬೀಗದ ಕೈ ಕೊಡಲು ಶಾರದಾಬಾಯಿ ಮೊದಲು ಒಪ್ಪಿರಲಿಲ್ಲ. ಕಾಶವ್ವನ ಹೆಸರು ಕೇಳಿದ ಮೇಲೆ ಬೀಗದ ಕೈ ಜೊತೆ ತಾನೂ ಹೊರಟು ಬಂದಿದ್ದಳು. ಅವಳಿಗೂ ರೊಟ್ಟಿ ಬಡಿಯಲು ಕಲಿಸಿದವಳು ಕಾಶವ್ವನೇ.

"ಇದೇನ್ರಿ ಇದು?" ಧನ್ಯಕುಮಾರ ಎದ್ದು ನಿಂತ.

"ಸಹಿರಿ," ಎಂದಳು ಫಕೀರವ್ವ. ಕಿಟಕಿಯ ಮೇಲೆ ಒಂದು ಪಾಕೀಟು ಒಡೆದು ರೊಟ್ಟಿ ಹೊರತೆಗೆದಳು. "ಕಾಶವ್ವನ ಸ್ವಂತ ಕೈಯಿಂದ ಮೂಡಿದ್ದು. ತಾರೀಖು ಅದ. ಹೋಲಿಸಾಕ ಬರ್ತದ. ಹನ್ನೆರಡಲ್ಲ, ಐವತ್ತು ಅದಾವ."

"ಇದು ದಾಖಲೆ ಅಲ್ರಿ, ಊಟ!"

"ನಿಮ್ಮ ಕ್ಯಾಂಟೀನಿನಾಗ ದಿನಾ ಉಣ್ಣೂದೂ ಇದನ್ನs. ಹತ್ತು ವರ್ಷ ಆಕೀ ಸಹಿ ತಿಂದು ದಪ್ಪ ಆಗೀರಿ, ಈಗ ಅದು ಸಹಿ ಅಲ್ಲ ಅಂತೀರಿ."

ಸಾಲಿನಲ್ಲಿ ನಿಂತವರು ನಕ್ಕರು. ಧನ್ಯಕುಮಾರನ ಮುಖ ಕೆಂಪಾಯಿತು. "ನಾಲ್ಕ ಗಂಟೆಕ್ಕ ಈ ವಾರದ ಪಟ್ಟಿ ಮುಚ್ಚತದ. ನಾಟಕ ಮಾಡಾಕ ವ್ಯಾಳೆ ಇಲ್ಲ."

"ನಾಲ್ಕಕ್ಕಲ್ಲ, ನಾಳೆ ನಾಲ್ಕಕ್ಕೂ ನಾವು ಇಲ್ಲೇ ಇರ್ತೀವಿ," ಎಂದು ಫಕೀರವ್ವ ಕಿಟಕಿಯ ಮುಂದೆ ನೆಲದ ಮೇಲೆ ಕೂತಳು. ಉಳಿದವರೂ ಕೂತರು. ರೊಟ್ಟಿ ಬಡಿಯುವವರಿಗೆ ಕೂರುವುದು ಕಷ್ಟವಲ್ಲ.

ಡಾಕ್ಟರ್ ನದಾಫ ರೊಟ್ಟಿಯನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ಬೆರಳಿನ ಗುರುತುಗಳು ನಡುವಿನಿಂದ ಅಂಚಿಗೆ ಸುತ್ತಿಕೊಂಡು ಹೋಗಿದ್ದವು. ಬಹಳ ಹೊತ್ತು ನೋಡಿದರು.

"ಧನ್ಯಕುಮಾರ, ಸಹಿ ನೋಡೋ ಯಂತ್ರ ಏನ್ ನೋಡ್ತದ?"

"ಕೈ ಎಲ್ಲಿ ಒತ್ತೇದ, ಎಲ್ಲಿ ತಡದದ, ಎಲ್ಲಿ ಜಾರೇದ... ಆದ್ರ ಮೇಡಂ..."

"ಇದರಾಗೂ ಅದs ಅದ. ಕೆಳಗಿಂದ ಬೆಳಕು ಬಿಟ್ರ ದಪ್ಪ ತೆಳು ಕಾಣ್ತದ. ನಿಯಮದಾಗ ಕಾಗದ ಅಂತ ಇಲ್ಲ. ಇಡು."

ನಿಯಂತ್ರಣ ಕೋಣೆಯಲ್ಲಿ ಗಾಜಿನ ಹಲಗೆಯ ಯಂತ್ರವೊಂದಿತ್ತು. ಧನ್ಯಕುಮಾರ ಒಲ್ಲದ ಮನಸ್ಸಿನಿಂದ ಒಂದು ಷರತ್ತು ಹಾಕಿದ: "ಹೋಲಿಸಬಹುದಾದ ಅಂತದ ನಿಯಮ. ಒಬ್ಬಾಕಿ ಕೈ ಇನ್ನೊಬ್ಬಾಕಿ ಕೈಗಿಂತ ಬ್ಯಾರೆ ಅಂತ ಯಂತ್ರಕ್ಕ ಗೊತ್ತಾಗ್ಬೇಕು. ಕಾಶವ್ವನ್ನ ಹಿಡದು ರೊಟ್ಟಿ ಬಡಿಯೋ ಎಂಟೂ ಮಂದೀದು ಇಡ್ತೀನಿ." ಫಕೀರವ್ವ ಒಪ್ಪಿದಳು. ಹೀಗೆ ಕೇಳಿದ್ದು ನ್ಯಾಯವೇ ಎಂದು ಅವಳಿಗೂ ಅನಿಸಿತು.

ಮೂರು ತಾಸು ಹಿಡಿಯಿತು. ರೊಟ್ಟಿ ಇಡುವುದು, ಬೆಳಕು ಹಾಯಿಸುವುದು, ತೆಗೆಯುವುದು. ಪಾಕೀಟಿನ ಹೆಸರು, ತಾರೀಖು ಪ್ರಕಾರ ಕಂಪ್ಯೂಟರು ಪ್ರತಿಯೊಬ್ಬಳಿಗೂ ಒಂದು ಗೆರೆ ಎಳೆಯುತ್ತ ಹೋಯಿತು. ಮೂರು ಗಂಟೆಗೆ ಉತ್ತರ ಬಂತು.

ಧನ್ಯಕುಮಾರ ಎರಡೆರಡು ಸಲ ಓದಿದ. ಆಮೇಲೆ ಕುರ್ಚಿಗೆ ಒರಗಿದ. "ಕಾಶವ್ವನ ಕೈ ಮೂರು ತಿಂಗಳಿಂದ ಮೊದಲಿಗಿಂತ ಛಲೋ ಆಗೇದ. ಮಿದುಳಿನ ಅಂಕ ಸೊನ್ನೆ. ಈ ಎಂಟರಾಗ ರೋಗ ಇರೂದು ಒಬ್ಬರಿಗೆ." ಅವನು ಪರದೆಯಿಂದ ಕಣ್ಣೆತ್ತಿದ. "ಫಕೀರವ್ವ ಅಂದ್ರ ಯಾರು? ಅವರಿಗೆ ಎಂಟು ಅಂಕ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಹೆಂಗಸರೆಲ್ಲ ಫಕೀರವ್ವನ ಕಡೆ ತಿರುಗಿದರು. ಪಾಕೀಟುಗಳು! ನಮೂನೆ ಆರಿಸುವವರು ಶಾರದಾಬಾಯಿ. ಆ ಕಪಾಟಿನೊಳಗೂ ತನ್ನ ಅದಲುಬದಲು ಹೋಗಿ ಕೂತಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕಾಶಕ್ಕನನ್ನು ಉಳಿಸಲೆಂದು ಮಾಡಿದ ಕೆಲಸವೇ ಕಾಶಕ್ಕನ ಕುತ್ತಿಗೆಗೆ ಬಂದಿತ್ತು.

"ನೋಡಿದ್ರಿಲ್ಲೋ ಮೇಡಂ?" ಎಂದ ಧನ್ಯಕುಮಾರ. "ಗಟ್ಟಿಮುಟ್ಟಾಗಿ ಜಗಳ ಮಾಡಾಕಿಗೆ ಮಿದುಳು ಕೆಟ್ಟದ ಅಂತದ. ರೊಟ್ಟಿ ರೊಟ್ಟಿನs, ಸಹಿ ಅಲ್ಲ."

ಹೇಳಿದರೆ ಏನಾಗುತ್ತದೆಂದು ಫಕೀರವ್ವನಿಗೆ ಚೆನ್ನಾಗಿ ಗೊತ್ತಿತ್ತು. ನಮೂನೆ ಬದಲಿಸಿದವರ ಹೆಸರು ರೊಟ್ಟಿ ಬಡಿಯುವವರ ಪಟ್ಟಿಯಿಂದ ತೆಗೆಯುತ್ತಾರೆ. ಕೈರೊಟ್ಟಿಯ ಯಾವ ಕೇಂದ್ರವೂ ಅವಳಿಗೆ ಹಲಗೆ ಕೊಡುವ ಹಾಗಿಲ್ಲ. ಬೇರೆ ಕೆಲಸ ಅವಳ ಕೈಗೆ ಬರುತ್ತಿರಲಿಲ್ಲ. ಶಾರದಾಬಾಯಿ ಎರಡು ಮಾರು ದೂರದಲ್ಲೇ ನಿಂತಿದ್ದಳು.

ಫಕೀರವ್ವ ಎದ್ದು ನಿಂತಳು.

"ಯಂತ್ರ ಖರೇ ಹೇಳೇದ. ಸುಳ್ಳು ಹೇಳಿದಾಕಿ ನಾನು. ಮೂರು ತಿಂಗಳಿಂದ ಆಕೀ ರೊಟ್ಟಿ ನನ್ನ ಪಾಕೀಟಿನಾಗ, ನನ್ನ ರೊಟ್ಟಿ ಆಕೀ ಪಾಕೀಟಿನಾಗ ತುಂಬೀನಿ. ಆಕೀನ ಹಲಗಿ ಬಿಡಸ್ತಾರಂತ ತುಂಬೀನಿ. ಬೇಕಾದ್ರ ನನ್ನ ಹೆಸರು ಹೊಡದು ಹಾಕ್ರಿ. ಆದ್ರ ಸಾಹೇಬ್ರ, ಪಾಕೀಟಿನ ಮ್ಯಾಲಿನ ಹೆಸರು ಮುಚ್ಚಿಬಿಟ್ಟು ಯಂತ್ರಕ್ಕ ಒಂದs ಮಾತು ಕೇಳ್ರಿ. ಈ ಕೈ ಯಾರದು ಅಂತ ಕೇಳ್ರಿ."

ಶಾರದಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕೇಳು," ಎಂದರು ಡಾಕ್ಟರ್ ನದಾಫ.

ಧನ್ಯಕುಮಾರ ಹೆಸರುಗಳನ್ನು ಅಳಿಸಿದ. ಸಂಕ್ರಾಂತಿಗೆ ಮುಂಚಿನ ರೊಟ್ಟಿಗಳಿಂದ ಒಬ್ಬೊಬ್ಬಳ ಕೈಯ ವಾಲಿಕೆ, ಬೆರಳಿನ ಅಂತರ, ತಿರುವು ಏನೆಂದು ಯಂತ್ರ ಕಲಿತಿತ್ತು. ಈಗ ಆಮೇಲಿನ ರೊಟ್ಟಿಗಳನ್ನು ಹೆಸರಿಲ್ಲದೆ ವಿಂಗಡಿಸತೊಡಗಿತು. ಮೂರೂವರೆಗೆ ಎಂಟು ಗುಂಪುಗಳಾದವು. ಫಕೀರವ್ವನ ಹೆಸರಿನ ಹರಕು ರೊಟ್ಟಿಗಳು ಒಂದೂ ತಪ್ಪದೆ ಕಾಶವ್ವನ ಗುಂಪಿಗೆ ಹೋಗಿ ಬಿದ್ದವು. ಕಾಶವ್ವನ ಹೆಸರಿನ ಚೆಂದದ ರೊಟ್ಟಿಗಳು ಫಕೀರವ್ವನ ಗುಂಪು ಸೇರಿದವು.

ಕಾಶವ್ವನ ಗೆರೆ ಈಗ ಪರದೆಯ ಮೇಲೆ ಸರಿಯಾಗಿ ಮೂಡಿತು. ಸುಗ್ಗಿಯ ತನಕ ನೆಟ್ಟಗೆ, ಆಮೇಲೆ ಸಣ್ಣ ಸಣ್ಣ ತಡೆಗಳು, ಶಿವರಾತ್ರಿಯಿಂದ ಇಳಿಜಾರು. ಹಂಚಿನ ಮುಂದೆ ಕೂತು ಫಕೀರವ್ವ ಕಿವಿಯಲ್ಲಿ ಕೇಳಿದ್ದೆಲ್ಲ ಅಲ್ಲಿತ್ತು.

"ಎಂಟು," ಎಂದ ಧನ್ಯಕುಮಾರ. ದನಿ ಸಣ್ಣದಾಗಿತ್ತು. "ಹದಿಮೂರು ಎಂಟು, ಇಪ್ಪತ್ತೊಂದು." ಅವನು ಒಂದು ಸಲ ಗಡಿಯಾರ ನೋಡಿದ, ಒಂದು ಸಲ ನಿಯಮದ ಹಾಳೆ ನೋಡಿದ. ಅದರಲ್ಲಿ ಬೇಡವೆನ್ನುವ ಅಕ್ಷರ ಎಲ್ಲೂ ಸಿಗಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಪಟ್ಟಿಯಲ್ಲಿ ಹೆಸರು ಸೇರಿಸಿದ.

"ಇನ್ನೊಂದು ಮಾತು ಸಾಹೇಬ್ರ," ಎಂದಳು ಫಕೀರವ್ವ. "ಖಾಲಿ ಬಿಟ್ಟ ಕಾಲಂ ಸೊನ್ನೆ ಅಂತ ಓದೂದನ್ನ ಬಿಡಸ್ರಿ. ಕಾಶಕ್ಕಗ ನಾವು ಎಂಟು ಮಂದಿ ಇದ್ವಿ. ಒಬ್ಬೊಬ್ಬರs ಬಂದವರು ಎಲ್ಲಿ ಕೂಡಬೇಕು?"

"ಅದು ನನ್ನ ಕೈಯಾಗ ಇಲ್ರಿ."

"ಯಾರ ಕೈಯಾಗ ಅದ, ಅವರ ಹೆಸರು ಹೇಳ್ರಿ. ಬುಟ್ಟಿ ಇನ್ನೂ ತುಂಬೇ ಅದಾವ."

ಡಾಕ್ಟರ್ ನದಾಫ ನಕ್ಕುಬಿಟ್ಟರು. ಆಮೇಲೆ ಪೆನ್ನು ತೆಗೆದು, ಅರ್ಜಿಯ ಮೊದಲ ಸಾಲಿನಲ್ಲಿದ್ದ "ಮದ್ಯಪಾನ ಮಾಡುತ್ತೀರಾ?" ಎಂಬ ಪ್ರಶ್ನೆಯ ಮೇಲ್ಗಡೆ ತಮ್ಮ ಅಕ್ಷರದಲ್ಲೇ ಇನ್ನೊಂದು ಪ್ರಶ್ನೆ ಬರೆದರು: "ನಿಮ್ಮ ಕೈಗೆ ಗೊತ್ತಿರುವ ಕೆಲಸ ಯಾವುದು?" ಅದರ ಕೆಳಗೆ ಸಹಿ ಹಾಕಿದರು. "ಇದು ಅಭಿಪ್ರಾಯ ಅಲ್ಲ, ಪ್ರಶ್ನೆ. ಪ್ರಶ್ನೆ ಕೇಳೂದಕ್ಕ ಯಾವ ನಿಯಮನೂ ಅಡ್ಡ ಬರೂದಿಲ್ಲ," ಎಂದು ಹಾಳೆಯನ್ನು ಧನ್ಯಕುಮಾರನ ಮುಂದಿಟ್ಟರು.

ಸಾಲಿನಲ್ಲಿ ಮುಂದಿದ್ದ ಮುದುಕನೊಬ್ಬ, ಕೇಳುವ ಮೊದಲೇ, "ನಾ ಹಗ್ಗ ಹೊಸೀತೀನ್ರಿ," ಎಂದು ಕೂಗಿದ.

*

ಗುರುವಾರ ಮುಂಜಾನೆ ಏಳಕ್ಕೆ ಕಾಶವ್ವನನ್ನು ಏಳನೆಯ ಕುರ್ಚಿಯಲ್ಲಿ ಕೂರಿಸಿದರು. ಆಗಲೇ ಅವಳಿಗೆ ಕರೆದರೆ ಕಣ್ಣು ತೆರೆಯುವಷ್ಟೇ ಎಚ್ಚರವಿತ್ತು. ತೋಳಿನಿಂದ ಹೊರಟ ರಕ್ತದಲ್ಲಿ ಹಳದಿ ನೀರು ಬೇರೆಯಾಗಿ, ಪೆಟ್ಟಿಗೆಯೊಳಗೆ ಹೊಕ್ಕು, ತಿಳಿಯಾಗಿ ಹೊರಬರುತ್ತಿತ್ತು. ವಿರೂಪಾಕ್ಷಪ್ಪ ಗಾಜಿನಾಚೆ ನಿಂತು ಕೊಳವೆಯ ಮೇಲೇ ಕಣ್ಣಿಟ್ಟಿದ್ದ. ಫಕೀರವ್ವ ಮಾತ್ರ ಕಾಶವ್ವನ ಕೈ ನೋಡುತ್ತಿದ್ದಳು.

ಅವಳಿಗೀಗ ನೋಡಲು ಬೇಕಾದಷ್ಟು ಹೊತ್ತಿತ್ತು. ಬುಧವಾರವೇ ಕಾಗದ ಬಂದಿತ್ತು: ವಿಚಾರಣೆ ಮುಗಿಯುವ ತನಕ ಫಕೀರವ್ವ ಹಲಗೆಗೆ ಕೂರುವಂತಿಲ್ಲ. ಕಾಗದ ಓದಿ ಹೇಳಿದ ಶಾರದಾಬಾಯಿ, "ಆಕೀ ಜಾಗಾದಾಗ ಬ್ಯಾರೆಯವರನ್ನ ಕೂಡಸಂಗಿಲ್ಲ ಅಂತ ನಾವು ಏಳೂ ಮಂದಿ ತಿರುಗಿ ಬರದೀವಿ," ಎಂದೂ ಹೇಳಿದ್ದಳು. ಅವರಲ್ಲಿ ನಾಲ್ವರದು ಹೆಬ್ಬೆಟ್ಟು. ಆ ನಾಲ್ವರೂ ಕಾಗದದ ಜೊತೆ ತಮ್ಮ ತಮ್ಮ ಒಂದೊಂದು ರೊಟ್ಟಿ ಕಳಿಸಿದ್ದರಂತೆ.

ಹನ್ನೆರಡರ ಹೊತ್ತಿಗೆ ಕಾಶವ್ವನ ಬೆರಳು ಕುರ್ಚಿಯ ತೋಳಿನ ಮೇಲೆ ಆಡಿದವು. ಥಪ, ಥಪ. ಫಕೀರವ್ವ ಉಸಿರು ಹಿಡಿದು ಎಣಿಸಿದಳು. ಮೂವತ್ತು ಏಟಾಯಿತು, ನಲವತ್ತಾಯಿತು. ಒಂದೂ ತಪ್ಪಲಿಲ್ಲ.

ಒಂದು ಗಂಟೆಗೆ ಕೊಳವೆ ಬಿಚ್ಚಿದರು. ಕಾಶವ್ವ ಗಂಡನನ್ನು ನೋಡಿ, "ಗಡ್ಡ ಯಾಕ ಹಂಗ ಬಿಟ್ಟೀರಿ? ಯಾರರ ಸತ್ತಾರೇನು?" ಎಂದಳು. ವಿರೂಪಾಕ್ಷಪ್ಪ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತು ಅತ್ತ.

ಹಸಿವೆಂದಳು. ಉಪ್ಪು ಕೊಡುವ ಹಾಗಿಲ್ಲ, ಹೊಟ್ಟೆಯಲ್ಲಿ ನೀರು ತುಂಬುತ್ತದೆ ಎಂದು ನರ್ಸ್ ಹೇಳಿದಾಗ ಫಕೀರವ್ವ ಹೆಮ್ಮೆಯಿಂದ, "ನಮ್ಮ ರೊಟ್ಟಿಗೆ ಉಪ್ಪs ಇರೂದಿಲ್ರಿ," ಎಂದು, ಕಪಾಟಿಗೆ ಮರಳದೆ ಅಲ್ಲೇ ಉಳಿದಿದ್ದ ನಮೂನೆಯ ಬುಟ್ಟಿಗೆ ಕೈ ಹಾಕಿ, ಸಿಕ್ಕ ಪಾಕೀಟಿನಿಂದ ಒಂದು ತುಂಡು ಮುರಿದು ಕೊಟ್ಟಳು. ಯಾವ ಪಾಕೀಟೆಂದು ನೋಡಲಿಲ್ಲ.

ಕಾಶವ್ವ ಒಂದು ಸಲ ಅಗಿದಳು. ಎರಡನೆಯ ಸಲ ಅಗಿಯಲಿಲ್ಲ. ಮುಖ ಸಿಂಡರಿಸಿ ತುಂಡನ್ನು ಅಂಗೈಗೆ ಉಗುಳಿದಳು.

"ಯಾವ ಹಡಬಿಟ್ಟಿ ಇದಕ್ಕ ಉಪ್ಪು ಹಾಕ್ಯಾಳ? ಕೈ ಮುರದು ಹಾಕ್ಬೇಕು ಆಕೀದು!"

ಫಕೀರವ್ವನಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ ತಿಳಿಯಲಿಲ್ಲ. "ನೀನs ಕಾಶಕ್ಕಾ. ನೀನs ಹಾಕೀದಿ."

ಕಾಶವ್ವ ಅಂಗೈಯಲ್ಲಿದ್ದ ತುಂಡನ್ನು ನೋಡಿದಳು. ಅದರ ಹರಕು ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ತನ್ನದೇ ಕೈ ಎಂದು ಅವಳಿಗೆ ಯಾವ ಯಂತ್ರವೂ ಹೇಳಬೇಕಾಗಲಿಲ್ಲ.

"ಹಂಗಾದ್ರ ನಾ ಭಾಳ ದೂರ ಹೋಗಿದ್ದೆ ಅಂದಂಗಾತು," ಎಂದಳು ಮೆಲ್ಲಗೆ.

"ಹೋಗಿದ್ದಿ. ಎಳಕೊಂಡು ಬಂದೀವಿ."

"ಇನ್ನೊಮ್ಮೆ ಹ್ವಾದ್ರ?"

"ಇನ್ನೊಮ್ಮೆ ಎಳೀತೀವಿ," ಎಂದು ಫಕೀರವ್ವ ಅವಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು. ಕೈ ಬೆಚ್ಚಗಿತ್ತು, ಜೋಲಲಿಲ್ಲ.